ರಸ್ತೆಬದಿ ಬಿಟ್ಟುಹೋದ ಕರು ಸಿಕ್ಕರೆ: ಮೊದಲ ಮೂರು ದಿನದ ಆರೈಕೆ



ಸಂತೆ ಮುಗಿದ ಮಾರನೇ ದಿನ ಬೆಳಗ್ಗೆ ಡೇರಿಗೆ ಹಾಲು ಹಾಕೋಕೆ ಹೋಗುತ್ತಿದ್ದೆ. ಚರಂಡಿ ಪಕ್ಕ ಒಂದು ಎಚ್‌ಎಫ್ ಗಂಡುಕರು ಬಿದ್ದಿತ್ತು. ಹೊಕ್ಕುಳಬಳ್ಳಿ ಇನ್ನೂ ಹಸಿ. ರಾತ್ರಿ ಯಾರೋ ಬಿಟ್ಟುಹೋಗಿದ್ದರು. ಬೈಕಿನ ಮೇಲೆ ಅಡ್ಡ ಹಾಕಿಕೊಂಡು ಮನೆಗೆ ತಂದೆ. ಪಾಪ, ಹಸಿದಿದೆ ಅಂತ ಎರಡು ಲೀಟರ್ ಹಾಲನ್ನು ಗೊಟ್ಟದಲ್ಲಿ ಒಂದೇ ಸಲಕ್ಕೆ ಕುಡಿಸಿದೆ. ಸಂಜೆಗೆ ಕೆಮ್ಮು, ಮಾರನೇ ದಿನ ಏದುಸಿರು, ಮೂರನೇ ದಿನ ಕರು ಇಲ್ಲ. "ಹಾಲು ಶ್ವಾಸಕೋಶಕ್ಕೆ ಇಳಿದಿದೆ" ಅಂದರು ಪಶುವೈದ್ಯರು. ಬಿಟ್ಟುಹೋದವರು ಯಾರೋ ಗೊತ್ತಿಲ್ಲ. ಆದರೆ ಅದು ಸತ್ತಿದ್ದು ನನ್ನ ಕೈಯಿಂದ.

ಆಮೇಲೆ ಸಿಕ್ಕ ಎರಡನೇ ಕರು ಬದುಕಿತು. ಎರಡೂ ಸಲ ಪ್ರೀತಿ ಅಷ್ಟೇ ಇತ್ತು, ಮಾಡಿದ ಕ್ರಮ ಮಾತ್ರ ಬೇರೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಎತ್ತಿಕೊಳ್ಳುವ ಮೊದಲು

ಫೋಟೊ ತೆಗೆದು, ಲೊಕೇಶನ್ ಸಮೇತ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. ಯಾರದೋ ತಪ್ಪಿಸಿಕೊಂಡ ಕರು ಆಗಿದ್ದರೆ ಮಾಲೀಕರು ಸಿಗುತ್ತಾರೆ, ನಿಮ್ಮ ಮೇಲೆ ಕಳ್ಳತನದ ಮಾತೂ ಬರುವುದಿಲ್ಲ. ದೊಡ್ಡ ದನವಾದರೆ ಕಿವಿ ನೋಡಿ. ಹಳದಿ ಕಿವಿಯೋಲೆಯಲ್ಲಿ 12 ಅಂಕಿಯ ನಂಬರ್ ಇದ್ದರೆ ಇಲಾಖೆಯವರು ಅದರಿಂದ ಮಾಲೀಕರನ್ನು ಪತ್ತೆ ಮಾಡಬಹುದು.

ಕರು ಏಳೋಕೇ ಆಗದ ಸ್ಥಿತಿಯಲ್ಲಿದ್ದರೆ, ರಕ್ತ ಸುರಿಯುತ್ತಿದ್ದರೆ, ಕಾಲು ಮುರಿದಿದ್ದರೆ ತಡ ಮಾಡದೆ 1962ಕ್ಕೆ ಕರೆ ಮಾಡಿ. ಇದು ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಮೊದಲು ಬಿಸಿ, ಆಮೇಲೆ ಹಾಲು

ತಣ್ಣಗಾದ ಕರುವಿಗೆ ಹಾಲು ಜೀರ್ಣ ಆಗಲ್ಲ, ಸರಿಯಾಗಿ ನುಂಗೋಕೂ ಆಗಲ್ಲ. ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡಿ. ಎಳೆಗರುವಿನ ಮೈ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 100ಕ್ಕಿಂತ ಕಡಿಮೆ ಇದ್ದರೆ ಮೊದಲು ಬೆಚ್ಚಗೆ ಮಾಡಿ. ಒಣ ಗೋಣಿಚೀಲದಿಂದ ಮೈಯನ್ನು ಚೆನ್ನಾಗಿ ಉಜ್ಜಿ. ಒಣ ಹುಲ್ಲಿನ ಮೇಲೆ ಮಲಗಿಸಿ. ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪಕ್ಕದಲ್ಲಿಡಿ.

ಬಾಯೊಳಗೆ ಬೆರಳಿಟ್ಟಾಗ ಕರು ಚೀಪಿದರೆ ಮಾತ್ರ ಬಾಟಲಿಯಲ್ಲಿ ಕುಡಿಸಬಹುದು. ಚೀಪದಿದ್ದರೆ ಬಲವಂತವಾಗಿ ಏನೂ ಹುಯ್ಯಬೇಡಿ, ವೈದ್ಯರನ್ನು ಕರೆಸಿ. ಅವರು ನಳಿಕೆ ಹಾಕಿ ನೇರವಾಗಿ ಹೊಟ್ಟೆಗೆ ಕೊಡುತ್ತಾರೆ.

ಒಂದು ಎಚ್ಚರಿಕೆ: ಕರುವಿನ ಮೈಮೇಲೆ ನಾಯಿ ಕಚ್ಚಿದ ಗುರುತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ವಿಚಿತ್ರವಾಗಿ ಕೂಗುತ್ತಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚುನಾಯಿ ರೋಗ ಇರಬಹುದು.

ಗಿಣ್ಣು ಹಾಲು ಹುಡುಕಿ

ಹುಟ್ಟಿದ ಕರುವಿನ ರಕ್ತದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುಕಡಿಮೆ ಇರುವುದೇ ಇಲ್ಲ, ಅದು ಬರುವುದು ಗಿಣ್ಣಿನಿಂದ. ಮೊದಲ 6 ಗಂಟೆಯೊಳಗೆ ಕೊಟ್ಟರೆ ಪೂರ್ತಿ ಲಾಭ, 24 ಗಂಟೆ ಕಳೆದರೆ ಕರುಳು ಅದನ್ನು ರಕ್ತಕ್ಕೆ ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಆಮೇಲೂ ಗಿಣ್ಣು ಸಿಕ್ಕರೆ ಕೊಡಿ, ಕರುಳಿನೊಳಗೆ ಅದು ಭೇದಿಯನ್ನು ಸ್ವಲ್ಪ ತಡೆಯುತ್ತದೆ.

ಎರಡನೇ ಕರು ಸಿಕ್ಕಾಗ ನಾನು ಗುಂಪಿನಲ್ಲಿ ಕೇಳಿದ್ದು ಇಷ್ಟೇ: "ಇವತ್ತು ಯಾರ ಮನೇಲಿ ಹಸು ಕರು ಹಾಕಿದೆ?" ಅರ್ಧ ಗಂಟೆಯಲ್ಲಿ ಪಕ್ಕದ ಬೀದಿಯ ಅಜ್ಜಿ ಒಂದು ತಂಬಿಗೆ ಗಿಣ್ಣು ಕಳಿಸಿದರು. ನಿಮ್ಮ ಹಸು ಕರು ಹಾಕಿದಾಗ ಅದರ ಕರುವಿಗೆ ಸಾಕಾಗಿ ಮಿಕ್ಕ ಮೊದಲ ಗಿಣ್ಣನ್ನು ಬಾಟಲಿಗೆ ತುಂಬಿ ಡೀಪ್ ಫ್ರೀಜರಿನಲ್ಲಿಡಿ. ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಒಲೆ ಮೇಲೆ ಕುದಿಸಿದರೆ ಗಟ್ಟಿಯಾಗಿ ಗುಣವೇ ಹೋಗುತ್ತದೆ.

ಎಷ್ಟು ಕುಡಿಸಬೇಕು, ಹೇಗೆ ಕುಡಿಸಬೇಕು

ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗ ಹಾಲು ಬೇಕು. 30 ಕೆ.ಜಿ. ಕರುವಿಗೆ 3 ಲೀಟರ್. ಮೊದಲ ದಿನಗಳಲ್ಲಿ ಇದನ್ನು ಮೂರು ನಾಲ್ಕು ಸಲಕ್ಕೆ ಹಂಚಿ. ಹಾಲು ಕೆಚ್ಚಲಿಂದ ಕರೆದಾಗ ಇರುವಷ್ಟು ಬೆಚ್ಚಗಿರಲಿ.

ಪಶು ಔಷಧಿ ಅಂಗಡಿಯಲ್ಲಿ ಕರುವಿನ ನಿಪ್ಪಲ್ ಸಿಗುತ್ತದೆ. ಕರು ನಿಂತಿರಲಿ, ಇಲ್ಲಾಂದ್ರೆ ಎದೆಯ ಮೇಲೆ ಕೂತಿರಲಿ. ತಲೆ ಸ್ವಲ್ಪ ಮೇಲಿರಲಿ, ತೀರಾ ಎತ್ತಬೇಡಿ. ಮಗ್ಗುಲಾಗಿ ಮಲಗಿಸಿ ಕುಡಿಸುವುದು, ಗೊಟ್ಟ ಹಾಕುವುದು ಬೇಡವೇ ಬೇಡ. ಗಂಜಿ, ಅಂಬಲಿಯೂ ಬೇಡ. ಎಳೆಗರುವಿನ ಹೊಟ್ಟೆ ಹಿಟ್ಟನ್ನು ಅರಗಿಸುವುದಿಲ್ಲ.

ಹೊಕ್ಕುಳು ಮತ್ತು ಭೇದಿ

ಹೊಕ್ಕುಳಬಳ್ಳಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಒಣಗುವವರೆಗೆ ದಿನಕ್ಕೆ ಎರಡು ಸಲ ಹೀಗೆ ಮಾಡಿ. ಹೊಕ್ಕುಳು ಊದಿಕೊಂಡರೆ, ಕೀವು ಬಂದರೆ, ಕೀಲು ದಪ್ಪವಾದರೆ ವೈದ್ಯರಿಗೆ ತೋರಿಸಿ.

ಬಿಟ್ಟುಹೋದ ಕರುಗಳಿಗೆ ಭೇದಿ ತೀರಾ ಸಾಮಾನ್ಯ. ಕರು ಸಾಯುವುದು ಹೆಚ್ಚಾಗಿ ಮೈಯಲ್ಲಿನ ನೀರು ಆರಿ. ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡಿನಲ್ಲಿ ವಾಪಸ್ ಕೂರದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ನೀರು ಕಡಿಮೆಯಾಗಿದೆ ಅಂತ ಅರ್ಥ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಹಾಲಿನ ಹೊತ್ತುಗಳ ನಡುವೆ ಕುಡಿಸಿ. ಹಾಲಿಗೆ ಬೆರೆಸಬೇಡಿ, ಹಾಗಂತ ಹಾಲನ್ನು ನಿಲ್ಲಿಸಲೂ ಬೇಡಿ. ಭೇದಿಯಲ್ಲಿ ರಕ್ತ ಬಂದರೆ, ಕರು ನಿಲ್ಲದಾದರೆ ಡ್ರಿಪ್ ಬೇಕಾಗುತ್ತದೆ, ಅದು ವೈದ್ಯರ ಕೆಲಸ.

ನಾಯಿ ಕಚ್ಚಿದ್ದರೆ

ಕೈಗವಸು ಹಾಕಿಕೊಂಡು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಿಸಿ. ಒಂದು ಸೂಜಿಗೆ ಮುಗಿಯುವುದಿಲ್ಲ, ವೈದ್ಯರು ಹೇಳಿದ ದಿನಗಳಿಗೆಲ್ಲ ಹಾಕಿಸಬೇಕು. ಅದರ ಜೊಲ್ಲು ನಿಮ್ಮ ಗಾಯಕ್ಕೆ ತಾಗಿದ್ದರೆ ನೀವೂ ಆಸ್ಪತ್ರೆಗೆ ಹೋಗಿ.

ಬೇರೆ ಕಟ್ಟಿ

ತಂದ ಕರುವನ್ನು ಮೂರು ವಾರ ನಿಮ್ಮ ದನಗಳಿಂದ ದೂರ ಇಡಿ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಉಣ್ಣೆ ಇವೆಲ್ಲ ಹೊಸ ಜೀವದ ಜೊತೆ ಬರಬಹುದು. ನಿಮ್ಮ ದನಗಳ ಕೆಲಸ ಮೊದಲು ಮುಗಿಸಿ, ಕೊನೆಗೆ ಅದರ ಹತ್ತಿರ ಹೋಗಿ, ಆಮೇಲೆ ಕೈಕಾಲು ತೊಳೆಯಿರಿ. ಎರಡನೇ ವಾರದಲ್ಲಿ ವೈದ್ಯರನ್ನು ಕೇಳಿ ಜಂತುಹುಳುವಿನ ಔಷಧಿ ಕೊಡಿಸಿ. ಆಗಿನಿಂದಲೇ ಒಂದು ಹಿಡಿ ಕರುವಿನ ಆಹಾರ, ಎಳೆ ಹುಲ್ಲು ಮುಂದೆ ಇಟ್ಟು ರೂಢಿ ಮಾಡಿಸಿ.

ಲೆಕ್ಕವನ್ನೂ ಹೇಳಬೇಕು

ದಿನಕ್ಕೆ 3 ಲೀಟರ್, ಎರಡು ತಿಂಗಳಿಗೆ 180 ಲೀಟರ್ ಹಾಲು. ನಿಮ್ಮ ಡೇರಿ ದರದಿಂದ ಗುಣಿಸಿ ನೋಡಿ. ಗಂಡುಕರುವನ್ನು ಯಾಕೆ ಬಿಟ್ಟುಹೋಗುತ್ತಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಬಿಟ್ಟವರೂ ನಮ್ಮಂಥ ರೈತರೇ. ಹಾಗಂತ ಅದು ಸರಿಯಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಂತೆ ಅಪರಾಧ.

ಈ ಖರ್ಚನ್ನು ಒಬ್ಬರೇ ಹೊರಬೇಡಿ. ನಮ್ಮ ಕರುವಿಗೆ ಆರು ಮನೆಯವರು ದಿನಕ್ಕೆ ಅರ್ಧ ಲೀಟರಿನಂತೆ ಹಾಲು ಕೊಟ್ಟರು. ಮೂರು ತಿಂಗಳಾಗಿ ಹುಲ್ಲು ತಿನ್ನೋಕೆ ಶುರು ಮಾಡಿದ ಮೇಲೆ ಗೋಶಾಲೆಗೆ ಬಿಟ್ಟೆವು. ಎಳೆಗರುವನ್ನೇ ನೇರವಾಗಿ ಕೊಟ್ಟರೆ ನೂರಾರು ದನಗಳ ನಡುವೆ ಅದಕ್ಕೆ ಬಾಟಲಿ ಹಿಡಿಯೋಕೆ ಅಲ್ಲಿ ಜನ ಸಾಲುವುದಿಲ್ಲ.

ಕರು ರಸ್ತೆಗೆ ಬರದಂತೆ ಮಾಡುವ ದಾರಿಯೂ ಇದೆ. ಮುಂದಿನ ಸಲ ಹಸು ಬೆದೆಗೆ ಬಂದಾಗ ಲಿಂಗ ನಿರ್ಧರಿತ ವೀರ್ಯ ಸಿಗುತ್ತದಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ. ಅದರಿಂದ ಹುಟ್ಟುವ ಕರುಗಳಲ್ಲಿ ನೂರಕ್ಕೆ ಸುಮಾರು 90 ಹೆಣ್ಣು. ಗಬ್ಬ ಕಟ್ಟುವ ಪ್ರಮಾಣ ಸ್ವಲ್ಪ ಕಡಿಮೆ, ಆದ್ದರಿಂದ ಆರೋಗ್ಯವಾಗಿರುವ ಪಡ್ಡೆಗಳಿಗೆ ಕೊಡಿಸಿದರೆ ಒಳ್ಳೆಯದು.

ಈ ವಾರ ಮೂರು ಕೆಲಸ ಮಾಡಿ: ಒಂದು ನಿಪ್ಪಲ್, ಒಂದು ಥರ್ಮಾಮೀಟರ್, ಒಂದು ಸೀಸೆ ಟಿಂಕ್ಚರ್ ತಂದು ಕೊಟ್ಟಿಗೆಯಲ್ಲಿಡಿ. ಫ್ರೀಜರಿಗೆ ಒಂದು ಬಾಟಲಿ ಗಿಣ್ಣು ಸೇರಿಸಿ. ಊರಿನ ಗುಂಪಿಗೆ 1962 ನಂಬರ್ ಹಾಕಿ. ನಾನು ಮೊದಲ ಕರು ತಂದ ದಿನ ನಮ್ಮನೇಲಿ ಇವು ಯಾವುದೂ ಇರಲಿಲ್ಲ.