ಶಿಬಿರದಿಂದ ಕಾಲೇಜಿಗೆ: ನಿರಾಶ್ರಿತ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಹೊಣೆ

ಉದ್ದೇಶ: ನಿರಾಶ್ರಿತ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕಿರುವ ಅಡಚಣೆಗಳನ್ನು ಅರಿತು, ಶಾಲಾ ಹಂತದಲ್ಲಿಯೇ ಅವುಗಳ ನಿವಾರಣೆಗೆ ನೆರವಾಗುವುದು.

ಹಿನ್ನೆಲೆ: 1983ರ ಜುಲೈ ಗಲಭೆಗಳ ತರುವಾಯ ಶ್ರೀಲಂಕಾದ ತಮಿಳರು ಕಡಲು ದಾಟಿ ತಮಿಳುನಾಡನ್ನು ಸೇರತೊಡಗಿದರು. ಕೊಯಮತ್ತೂರು ಜಿಲ್ಲೆಯ ಪೂಲುವಪಟ್ಟಿ, ಈರೋಡು ಜಿಲ್ಲೆಯ ಭವಾನಿಸಾಗರ ಮೊದಲಾದೆಡೆ ಅವರ ಶಿಬಿರಗಳಿವೆ. 2021ರಲ್ಲಿ ರಾಜ್ಯ ಸರಕಾರವು ಇವುಗಳಿಗೆ ‘ಪುನರ್ವಸತಿ ಶಿಬಿರ’ ಎಂಬರ್ಥದ ಹೆಸರನ್ನಿತ್ತಿತು. ನಿವಾಸಿಗಳ ಪೌರತ್ವದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅಡಚಣೆಗಳು: 1987ರ ಜುಲೈ 1ರ ನಂತರ ಭಾರತದಲ್ಲಿಯೇ ಜನಿಸಿದರೂ, ತಂದೆತಾಯಿಗಳಿಬ್ಬರೂ ವಿದೇಶೀಯರಾದ ಮಗುವಿಗೆ ಜನ್ಮದಿಂದ ಪೌರತ್ವ ದೊರೆಯದು. ಹನ್ನೆರಡು ವರ್ಷ ಸಹಪಾಠಿಗಳೊಡನೆ ಸಮಾನವಾಗಿ ಕಲಿತ ವಿದ್ಯಾರ್ಥಿಯು ಕಾಲೇಜಿನ ಅರ್ಜಿಯಲ್ಲಿ ‘ರಾಷ್ಟ್ರೀಯತೆ’ ಎಂಬೆಡೆ ತಡೆದು ನಿಲ್ಲುವುದು ಇದರಿಂದಲೇ. ಎರಡನೆಯ ಅಡಚಣೆ ಬಡತನ. ಸೋಮನೂರಿನ ವಿದ್ಯುತ್ ಮಗ್ಗಗಳು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿರುವ ಈ ಸೀಮೆಯಲ್ಲಿ ಕೂಲಿ ಬೇಗ ಕೈಸೇರುತ್ತದೆ. ಪದವಿಯ ಫಲ ತಡವಾಗಿ ಬರುತ್ತದೆ. ದಿನಗೂಲಿಯ ಕುಟುಂಬಕ್ಕೆ ಕಾಯುವ ಶಕ್ತಿ ಕಡಿಮೆ.

ನೆರವು: ಎಂಜಿನಿಯರಿಂಗ್ ಸೇರುವ ಶಿಬಿರವಾಸಿಗಳಲ್ಲಿ ಅಂಕಗಳಲ್ಲಿ ಮುಂದಿರುವ 50 ಮಂದಿಯ ಬೋಧನಾ ಹಾಗೂ ವಸತಿ ನಿಲಯದ ಶುಲ್ಕವನ್ನು ಭರಿಸುವುದಾಗಿ ಸರಕಾರವು 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ನಿರಾಶ್ರಿತ ಯುವಜನರಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವವರು ಶೇ. 7 ಮಾತ್ರ, 2030ರ ಗುರಿ ಶೇ. 15. ನೆರವಿನ ಸುದ್ದಿ ಸಕಾಲದಲ್ಲಿ ಮನೆ ತಲುಪದಿದ್ದರೆ ನೆರವು ಇದ್ದೂ ಇಲ್ಲದಂತೆ.

ಶಿಕ್ಷಕರ ಕಾರ್ಯ: ಈ ಮಕ್ಕಳು ಬಹುಪಾಲು ತಮಿಳು ಮಾಧ್ಯಮದಲ್ಲಿ ಕಲಿಯುವವರು. ಆದರೂ ಮಾರ್ಗದರ್ಶನದ ಹೊಣೆಗೆ ಮಾಧ್ಯಮದ ಗೆರೆಯಿಲ್ಲ. ಮನೆಮಾತೊಂದು, ಕಚೇರಿಯ ಭಾಷೆ ಇನ್ನೊಂದು ಆದಾಗ ಅರ್ಜಿಯೊಂದನ್ನು ತುಂಬುವ ಕಷ್ಟವನ್ನು ಕನ್ನಡ ಶಿಕ್ಷಕರು ಬಲ್ಲರು.

1. ಒಂಬತ್ತನೆಯ ತರಗತಿಯಲ್ಲಿಯೇ ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಶಿಬಿರದ ಗುರುತಿನ ಚೀಟಿಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ಆಗಿವೆಯೇ ಎಂದು ಪರಿಶೀಲಿಸುವುದು. ತಿದ್ದುಪಡಿಗೆ ಕಾಲ ಹಿಡಿಯುತ್ತದೆ.
2. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್, ಐ.ಟಿ.ಐ., ಕಲಾ ಕಾಲೇಜುಗಳ ಮಾರ್ಗಗಳನ್ನು ಪೋಷಕರಿಗೆ ವಿವರಿಸುವುದು.
3. ಪ್ರವೇಶದ ನಿಯಮ ಹಾಗೂ ಶುಲ್ಕದ ನೆರವನ್ನು ಕುರಿತು ಶಿಬಿರದ ಮೇಲ್ವಿಚಾರಣೆಯ ಕಂದಾಯ ಅಧಿಕಾರಿಗಳಿಂದ ಪ್ರತಿವರ್ಷ ಮಾಹಿತಿ ಪಡೆಯುವುದು.
4. ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆಯು ನಾಗರಿಕರಿಗಷ್ಟೇ ಅಲ್ಲದೆ ಎಲ್ಲ ವ್ಯಕ್ತಿಗಳಿಗೂ ಉಂಟೆಂಬುದನ್ನು ಸಮಾಜ ವಿಜ್ಞಾನದ ಪಾಠದಲ್ಲಿ ತಿಳಿಸುವುದು.

ಚರ್ಚೆಗೆ:
ಅ. ‘ನಾಗರಿಕ’ ಮತ್ತು ‘ವ್ಯಕ್ತಿ’ ಎಂಬ ಪದಗಳ ವ್ಯತ್ಯಾಸವನ್ನು ಮಕ್ಕಳಿಗೆ ಯಾವ ಉದಾಹರಣೆಯಿಂದ ತಿಳಿಸಬಹುದು?
ಆ. ಶಾಲೆ ಬಿಟ್ಟು ಮಗ್ಗದ ಕೆಲಸಕ್ಕೆ ಹೊರಟ ವಿದ್ಯಾರ್ಥಿಯ ಪೋಷಕರೊಡನೆ ಮಾತನ್ನು ಹೇಗೆ ಆರಂಭಿಸಬೇಕು?