ಮದ್ದು: ಕೋಟೆಯಲ್ಲಿ, ದವಾಖಾನೆಯಲ್ಲಿ, ಅಂತರಿಕ್ಷದಲ್ಲಿ

ರೋಗಿಗೆ ಕುಡಿಸುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು. ಒಂದು ಜೀವವನ್ನು ಉಳಿಸುವುದು, ಇನ್ನೊಂದು ಜೀವವನ್ನು ತೆಗೆಯುವುದು. ಎರಡಕ್ಕೂ ಒಂದೇ ಹೆಸರನ್ನಿಟ್ಟು ನಮ್ಮ ಹಿರಿಯರು ಸುಮ್ಮನಾದರು. ಕನ್ನಡವೊಂದೇ ಹೀಗೆ ಮಾಡಿತೆಂದು ತಿಳಿಯಬೇಕಾಗಿಲ್ಲ. ಪಾರಸಿಯಲ್ಲಿ ‘ದಾರೂ’ ಎಂದರೆ ಔಷಧಿ. ಅದೇ ಶಬ್ದವು ನೆರೆಯ ಮರಾಠಿಗೆ ಬಂದು ಸಿಡಿಮದ್ದೂ ಆಯಿತು, ಹೆಂಡವೂ ಆಯಿತು. ಚೀನೀಯರಂತೂ ಸಿಡಿಮದ್ದನ್ನು ‘ಬೆಂಕಿಯ ಔಷಧಿ’ ಎಂದೇ ಕರೆದರು. ಸುಮಾರು 9ನೆಯ ಶತಮಾನದಲ್ಲಿ ಅದನ್ನು ಮೊದಲು ಕಂಡವರು, ಚಿರಾಯುಷ್ಯದ ರಸಾಯನವನ್ನು ಅರಸುತ್ತಿದ್ದ ಅಲ್ಲಿಯ ರಸವಾದಿಗಳೆಂದು ವಿದ್ವಾಂಸರು ಹೇಳುತ್ತಾರೆ.

ಇತಿಹಾಸವನ್ನು ಐಚ್ಛಿಕವಾಗಿ ಓದುವ ಬಿ.ಎ. ವಿದ್ಯಾರ್ಥಿಗೆ ಈ ವಿಷಯವೇಕೆಂದು ವಿಜ್ಞಾನದ ಮಿತ್ರರು ಕೇಳಬಹುದು. ನಾನು ಕಮಲಾಪುರದವನು, ದಿನವೂ ಹುಮನಾಬಾದ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರ ಬಸ್ಸಿನಲ್ಲಿ ಬಂದು ಹೋಗುವವನು. ಊರಿಗೂ ನಗರಕ್ಕೂ ನಡುವಿನ ಈ ದಾರಿ ಒಮ್ಮೊಮ್ಮೆ ಒಬ್ಬ ಮನುಷ್ಯನ ಆಯುಷ್ಯವನ್ನೇ ಅಳೆಯುವುದೆಂಬುದನ್ನು ನಾನು ಕಂಡಿದ್ದೇನೆ. ಅದನ್ನು ಮುಂದೆ ಹೇಳುವೆನು. ಮೊದಲು ಕೋಟೆಯ ಮಾತು.

ಕಲಬುರಗಿಯ ಕೋಟೆಯನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. 1347ರಲ್ಲಿ ಅಲ್ಲಾವುದ್ದೀನ ಹಸನ್ ಬಹಮನ್ ಶಹನು ಈ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಹಳೆಯ ಕೋಟೆಯನ್ನು ಬಲಪಡಿಸಿದನು. ಪೂರ್ತಿ ಮಾಳಿಗೆಯುಳ್ಳ ಜಾಮಿಯಾ ಮಸೀದಿಯನ್ನು ನೋಡಲು ಬಂದವರು, ಅಲ್ಲಿಯೇ ಮಲಗಿರುವ ‘ಬಾರಾ ಗಜ್’ ತೋಪನ್ನೂ ನೋಡಿಯೇ ಹೋಗುವರು. ಅದರ ಉದ್ದ 29 ಅಡಿಯೆಂದು ಊರಿನವರು ಅಭಿಮಾನದಿಂದ ಹೇಳುವರು. ದಖ್ಖನಿನ ಕಮ್ಮಾರರು ಕಬ್ಬಿಣದ ದೊಡ್ಡ ತೋಪುಗಳನ್ನು ಎರಕ ಹೊಯ್ಯದೆಯೇ ಮಾಡುತ್ತಿದ್ದ ವಿಧಾನವು ಸ್ವಾರಸ್ಯವಾದುದು. ಉದ್ದನೆಯ ಪಟ್ಟಿಗಳನ್ನು ಕೊಳವೆಯಾಕಾರದಲ್ಲಿ ಜೋಡಿಸಿ, ಅದರ ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಿ ಬಡಿಯುತ್ತಿದ್ದರು. ಬಳೆ ಆರಿದಂತೆ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುವುದು. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ, ವಿದ್ಯೆ ಅದೇ.

ಬಹಮನಿ ಅರಸರಲ್ಲಿ 1360ರ ದಶಕದಲ್ಲಿಯೇ ತೋಪುಗಳಿದ್ದುವೆಂದು ಫೆರಿಸ್ತಾ ಬರೆದಿದ್ದಾನೆ. ಆದರೆ ಅವನು ಬರೆದುದು ಎರಡು ಶತಮಾನಗಳಿಗೂ ಮಿಕ್ಕಿದ ಮೇಲೆ; ಅನೇಕ ಇತಿಹಾಸಕಾರರು ಈ ಮಾತನ್ನು ಒಪ್ಪುವುದಿಲ್ಲ, ನನಗೂ ಅವರ ಸಂಶಯವೇ ಸರಿಯೆಂದು ತೋರುವುದು. 1472ರ ಬೆಳಗಾವಿಯ ಮುತ್ತಿಗೆಯ ವಿಷಯ ಇದಕ್ಕಿಂತ ಗಟ್ಟಿಯಾದುದು. ಅಲ್ಲಿ ಮಂತ್ರಿ ಮಹಮೂದ ಗವಾನನು ಕೋಟೆಯ ಗೋಡೆಯ ಕೆಳಗೆ ಸುರಂಗ ತೋಡಿಸಿ ಮದ್ದು ತುಂಬಿಸಿ ಹಾರಿಸಿದನು. ಅದೇ ಗವಾನನು ಅದೇ ಕಾಲದಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ದೊಡ್ಡ ವಿದ್ಯಾಪೀಠವಾಗಿದ್ದಿತು. 17ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಕುಸಿಯಿತು. ನಮ್ಮೂರಿನ ರಸ್ತೆಯನ್ನು ಹಿಡಿದು ಹುಮನಾಬಾದ ದಾಟಿ ಬೀದರಿಗೆ ಹೋದರೆ ಇಂದಿಗೂ ಆ ಅರ್ಧ ಕಟ್ಟಡವನ್ನು ಕಾಣಬಹುದು.

ಈ ಮದ್ದಿನಲ್ಲಿ ಇರುವುದಾದರೂ ಏನು? ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಿಲು 15 ಪಾಲು, ಗಂಧಕ 10 ಪಾಲು. ಇದ್ದಿಲೂ ಗಂಧಕವೂ ಉರಿಯುವ ವಸ್ತುಗಳು. ಪೆಟ್ಲುಪ್ಪು ತನ್ನಲ್ಲಿ ಅಡಗಿಸಿಕೊಂಡ ಆಮ್ಲಜನಕವನ್ನು ಅವುಗಳಿಗೆ ಒದಗಿಸುವುದು. ಆದುದರಿಂದ ಈ ಬೆಂಕಿಗೆ ಹೊರಗಿನ ಗಾಳಿ ಬೇಕಾಗಿಲ್ಲ. ಮುಚ್ಚಿದ ಕೊಳವೆಯಲ್ಲಿಯೂ ಅದು ಉರಿಯಬಲ್ಲುದು. ಓದುಗರು ಈ ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ಗಾಳಿಯೇ ಇಲ್ಲದ ಅಂತರಿಕ್ಷಕ್ಕೆ ಹೋಗುವ ವಾಹನವೂ ತನ್ನ ಉರುವಲಿನೊಡನೆ ಆಮ್ಲಜನಕವನ್ನು ತಾನೇ ಹೊತ್ತೊಯ್ಯಬೇಕಾಗುವುದು.

ಆ ದಾರಿಯ ಮೊದಲ ದೊಡ್ಡ ಹೆಜ್ಜೆ ನಮ್ಮ ನಾಡಿನದೇ. ಬಾಣಬಿರುಸುಗಳನ್ನು ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮಾಡುವುದು ಹಲವು ದೇಶಗಳಿಗೆ ಗೊತ್ತಿದ್ದಿತು. ಹೈದರಾಲಿಯ ಮತ್ತು ಟಿಪ್ಪೂ ಸುಲ್ತಾನನ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆಯನ್ನು ಬಳಸಿದರು. ಕೊಳವೆಯ ಉದ್ದ ಗೇಣಿಗಿಂತ ಬಹಳ ಹೆಚ್ಚಿನದಲ್ಲ. ಅದನ್ನು ಉದ್ದವಾದ ಬಿದಿರಿನ ಗಳಕ್ಕೋ ಕತ್ತಿಯ ಅಲಗಿಗೋ ಬಿಗಿಯುತ್ತಿದ್ದರು. ಕಾಗದದ ಕೊಳವೆಯಲ್ಲಿ ಒತ್ತಡ ಹೆಚ್ಚಾದರೆ ಅದು ಒಡೆದುಹೋಗುವುದು. ಕಬ್ಬಿಣವು ಆ ಒತ್ತಡವನ್ನು ತಾಳಿಕೊಂಡು ಹೊಗೆಯನ್ನು ಹಿಂದಿನ ರಂಧ್ರದಿಂದಲೇ ರಭಸದಿಂದ ಹೊರಗೆ ದೂಡುವುದು. ಅದರಿಂದಲೇ ಒಂದು ಕಿಲೋಮೀಟರಿಗೂ ಮೇಲ್ಪಟ್ಟು ಹಾರುವ ಶಕ್ತಿ ಬಂದಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದುವು. ಅವಕ್ಕೆ ಕಿಡಿ ಮುಟ್ಟಿಸಿದ್ದು ಈ ಬಾಣಗಳೇ ಎಂದು ಬಹುಮಂದಿ ನಂಬುತ್ತಾರೆ. 1799ರ ಏಪ್ರಿಲ್ ತಿಂಗಳಲ್ಲಿ, ಮುಂದೆ ವಾಟರ್ಲೂ ಗೆದ್ದ ವೆಲೆಸ್ಲಿಯೇ ಸುಲ್ತಾನಪೇಟೆಯ ತೋಪಿನ ಬಳಿ ರಾತ್ರಿಯ ಕತ್ತಲಲ್ಲಿ ಬಾಣಗಳ ಮಳೆಗೆ ಸಿಕ್ಕಿ ಹಿಂದೆ ಸರಿಯಬೇಕಾಯಿತು. (ಇಲ್ಲಿ ತೋಪು ಎಂದರೆ ಮರಗಳ ತೋಪು, ಈ ಕನ್ನಡ ಶಬ್ದವೂ ಎರಡು ಮುಖದ್ದೇ.)

ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿಗೆ ಹೋದುವು. ವಿಲಿಯಂ ಕಾಂಗ್ರೀವನು ವುಲಿಚ್ಚಿನ ಶಸ್ತ್ರಾಗಾರದಲ್ಲಿ ಅವುಗಳ ಆಧಾರದ ಮೇಲೆ ಹೊಸ ರಾಕೆಟ್ಟುಗಳನ್ನು ಮಾಡಿದನು. 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಅವು ಸುಟ್ಟುವು. 1963ರಲ್ಲಿ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ಹೋಗಿದ್ದ ತರುಣ ಇಂಜಿನಿಯರ್ ಅಬ್ದುಲ್ ಕಲಾಮರು ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಬಿಡುವ ಚಿತ್ರವನ್ನು ಕಂಡು ಬೆರಗಾದರಂತೆ. ನಮ್ಮಲ್ಲಿಯೇ ಅದನ್ನು ಬಹುಮಂದಿ ಮರೆತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಬಾಣಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದಾಗ ಮಾತ್ರ ಪತ್ರಿಕೆಗಳಲ್ಲಿ ಗದ್ದಲವಾಯಿತು.

ಇನ್ನು ಜೀವ ಉಳಿಸುವ ಮದ್ದಿನ ಕಡೆಗೆ ಬರೋಣ. ಯುದ್ಧವೂ ವೈದ್ಯವೂ ದೂರದ ನೆಂಟರಲ್ಲ. 1792ರಲ್ಲಿ ಫ್ರಾನ್ಸಿನ ಸೈನ್ಯದ ಶಸ್ತ್ರವೈದ್ಯ ಲಾರೆಯು ಒಂದು ಸಂಗತಿಯನ್ನು ಗಮನಿಸಿದನು: ಕುದುರೆ ಕಟ್ಟಿದ ಹಗುರ ತೋಪುಗಳು ರಣರಂಗದಲ್ಲಿ ಮಿಂಚಿನಂತೆ ಓಡಾಡುತ್ತಿದ್ದುವು, ಗಾಯಾಳುಗಳು ಮಾತ್ರ ಯುದ್ಧ ಮುಗಿಯುವವರೆಗೂ ಬಿದ್ದಲ್ಲಿಯೇ ಬಿದ್ದಿರುತ್ತಿದ್ದರು. ತೋಪು ಓಡುವಷ್ಟು ವೇಗವಾಗಿ ಗಾಯಾಳು ಏಕೆ ಓಡಬಾರದೆಂದು ಅವನು ಹಗುರವಾದ ಗಾಡಿಗಳನ್ನು ಮಾಡಿಸಿ ಅವಕ್ಕೆ ‘ಹಾರುವ ಆಂಬುಲೆನ್ಸ್’ ಎಂದು ಹೆಸರಿಟ್ಟನು. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಗಾಡಿಯ ಮೂಲಪುರುಷ ಇದೇ.

ಆದರೆ ಎಲ್ಲಕ್ಕಿಂತ ವಿಸ್ಮಯದ ಕಥೆ ನೈಟ್ರೋಗ್ಲಿಸರಿನ್ನಿನದು. 1847ರಲ್ಲಿ ಇಟಲಿಯ ಸೊಬ್ರೇರೋ ಇದನ್ನು ತಯಾರಿಸಿದನು. ಒಂದಿಷ್ಟು ನಾಲಿಗೆಗೆ ತಾಗಿಸಿ ನೋಡಿದಾಗ ಅವನಿಗೆ ತಲೆ ಸಿಡಿಯುವಷ್ಟು ನೋವು ಬಂದಿತು. ಅಲುಗಿದರೂ ಸಿಡಿಯುವ ಈ ಎಣ್ಣೆಯನ್ನು ಒಂದು ಬಗೆಯ ಮಣ್ಣಿನಲ್ಲಿ ಹೀರಿಸಿ ಪಳಗಿಸಿದವನು ಆಲ್ಫ್ರೆಡ್ ನೊಬೆಲ್; 1867ರ ಅವನ ಡೈನಮೈಟ್ ಅದೇ. ಡೈನಮೈಟಿನ ಕಾರ್ಖಾನೆಗಳಲ್ಲಿ ಒಂದು ವಿಚಿತ್ರ ಕಂಡುಬಂದಿತು. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರಿಗೆ ತಲೆನೋವು. ಎದೆನೋವಿನ ರೋಗವಿದ್ದ ಕೆಲಸಗಾರರಿಗಾದರೋ ಕೆಲಸದ ದಿನಗಳಲ್ಲಿ ಆರಾಮ, ರಜೆಯ ದಿನ ನೋವು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಎದೆನೋವಿನ ರೋಗಿಗಳಿಗೆ ಕೊಟ್ಟು ಗುಣವನ್ನು ಪ್ರಕಟಿಸಿದನು. ಕೊನೆಗಾಲದಲ್ಲಿ ನೊಬೆಲನಿಗೇ ವೈದ್ಯರು ಈ ಔಷಧಿಯನ್ನು ಹೇಳಿದರು. 1896ರಲ್ಲಿ ಅವನು ತನ್ನ ಪತ್ರವೊಂದರಲ್ಲಿ ಇದನ್ನು ವಿಧಿಯ ಅಣಕವೆಂದು ಬರೆದನು. ಔಷಧಿ ಮಾರುವವರು ಹೆದರಬಾರದೆಂದು ವೈದ್ಯರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆಂದು ನಗೆಯಾಡಿದನು. ಈ ಮದ್ದು ರಕ್ತನಾಳಗಳನ್ನು ಸಡಿಲಿಸುವುದು ಹೇಗೆಂಬುದು ತಿಳಿಯಲು ನೂರು ವರ್ಷ ಹಿಡಿಯಿತು. ದೇಹದಲ್ಲಿ ಇದರಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುವುದೇ ಕಾರಣ. ಆ ಅನಿಲವು ದೇಹದಲ್ಲಿ ಸಂದೇಶವಾಹಕವಾಗಿ ಕೆಲಸ ಮಾಡುವುದನ್ನು ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನವೇ ಬಂದಿತು!

ಇದೇ ಕುಲದ ಮಾತ್ರೆಯೊಂದನ್ನು ನಮ್ಮ ಮುತ್ಯಾ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕಮಲಾಪುರದ ಕೆಂಪು ಬಾಳೆಗೆ ಹೆಸರಿದೆ. ಅವರದೂ ಒಂದು ಸಣ್ಣ ಬಾಳೆಯ ತೋಟ. ಒಂದು ಸಂಜೆ ಗೊನೆ ಇಳಿಸುತ್ತಿದ್ದವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತರು. ವೈದ್ಯರು ಮೊದಲೇ ಹೇಳಿಕೊಟ್ಟಿದ್ದಂತೆ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು, ಗಾಡಿ ಮಾಡಿಕೊಂಡು ಕಲಬುರಗಿಗೆ ಹೊರಟೆವು. ಆ ದಾರಿ ಅಷ್ಟು ಉದ್ದವಾಗಿದ್ದುದನ್ನು ನಾನು ಹಿಂದೆಂದೂ ಅರಿತಿರಲಿಲ್ಲ. ಪುಣ್ಯವಶಾತ್ ಅವರು ಉಳಿದರು. ವಾರ ಕಳೆದ ಮೇಲೆ ಆ ಮಾತ್ರೆಯ ವಂಶಾವಳಿಯನ್ನು ನಾನು ಅವರಿಗೆ ಹೇಳಿದೆ. “ಅಲ್ಲೋ ತಮ್ಮಾ, ತೋಪಿನ ಮದ್ದು ತಂದು ನನ್ನ ಬಾಯಾಗ ಇಟ್ಟೀರೇನು?” ಎಂದು ಅವರು ಕೇಳಿದರು.

ಮಾತ್ರೆಯು ನೋವನ್ನು ತಗ್ಗಿಸುವುದೇ ಹೊರತು, ನಾಳದಲ್ಲಿ ಗಟ್ಟಿಯಾದ ರಕ್ತವನ್ನು ಕರಗಿಸಲಾರದು. ಅದಕ್ಕೆ ಬೇರೆ ಚುಚ್ಚುಮದ್ದು ಬೇಕು. ಅದನ್ನು ಬೇಗನೆ ಕೊಡಬೇಕು, ಕೊಡುವ ಮೊದಲು ಹೃದಯದ ವಿದ್ಯುತ್ ರೇಖೆಯನ್ನು ಬಲ್ಲವರು ಓದಬೇಕು. 2023ರಲ್ಲಿ ನಮ್ಮ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುವರು. ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವರು. ಈ ಬಗೆಯ ದೂರವೈದ್ಯಕ್ಕೆ ನಮ್ಮ ದೇಶದಲ್ಲಿ ದಾರಿ ತೋರಿದುವುಗಳಲ್ಲಿ ಇಸ್ರೋ 2001ರಲ್ಲಿ ಉಪಗ್ರಹದ ಮೂಲಕ ಆರಂಭಿಸಿದ ಪ್ರಯೋಗವೂ ಒಂದು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯು ಬೆಂಗಳೂರಿನ ಹೃದಯ ತಜ್ಞರೊಡನೆ ಹಾಗೆ ಮಾತಾಡಿದ ಮೊದಲಿನವುಗಳಲ್ಲಿ ಒಂದು. ನನ್ನ ಮಟ್ಟಿಗೆ ಹೇಳುವುದಾದರೆ, ಟಿಪ್ಪುವಿನ ಬಾಣದ ವಂಶದಲ್ಲಿ ಅತ್ಯಂತ ಸಾರ್ಥಕವಾದ ಪೀಳಿಗೆ ಇದು.

ಇನ್ನೊಂದು ಉದಾಹರಣೆ ಹೈದರಾಬಾದಿನದು. ಅಗ್ನಿ ಕ್ಷಿಪಣಿ 1989ರಲ್ಲಿ ಮೊದಲು ಹಾರಿತು. ಅದರ ತುದಿಯು ವಾಯುಮಂಡಲದ ಉರಿಯನ್ನು ತಾಳಲೆಂದು ಇಂಗಾಲದ ಎಳೆಗಳಿಂದ ಒಂದು ಹಗುರ ವಸ್ತುವನ್ನು ಮಾಡಿದ್ದರು. ನಿಜಾಮ್ಸ್ ವೈದ್ಯಸಂಸ್ಥೆಯ ವೈದ್ಯರೊಬ್ಬರು ಅದನ್ನು ಕೈಯಲ್ಲಿ ಎತ್ತಿ ನೋಡಿ, ಕಲಾಮರನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಮಕ್ಕಳು 3 ಕಿಲೋಗ್ರಾಂ ತೂಕದ ಲೋಹದ ಆಧಾರಗಳನ್ನು ಎಳೆದುಕೊಂಡು ನಡೆಯುತ್ತಿದ್ದರು. ಕೆಲವೇ ವಾರಗಳಲ್ಲಿ 300 ಗ್ರಾಂ ತೂಕದವು ತಯಾರಾದುವು.

ಮುಂದಿನ ಅಂತರಿಕ್ಷ ಪ್ರಯಾಣದಲ್ಲಿ ಕಠಿಣವಾದ ಪ್ರಶ್ನೆ ಎಂಜಿನ್ನಿನದಕ್ಕಿಂತ ದೇಹದ್ದೆಂದು ನನಗೆ ತೋರುವುದು. ಭಾರವಿಲ್ಲದ ಕಡೆ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುವುದು, ಸ್ನಾಯು ಸೊರಗುವುದು. ಮಂಗಳಕ್ಕೆ ಹೋಗಲು ಏಳೆಂಟು ತಿಂಗಳು ಬೇಕು. ಅಲ್ಲಿಂದ ಭೂಮಿಯ ವೈದ್ಯನಿಗೆ ಕಳುಹಿಸಿದ ಮಾತು ಮುಟ್ಟಲು, ಗ್ರಹಗಳು ದೂರವಿದ್ದಾಗ 20 ನಿಮಿಷಗಳಿಗೂ ಹೆಚ್ಚು ಹಿಡಿಯುವುದು. ಉತ್ತರ ಬರಲು ಮತ್ತಷ್ಟೇ ಕಾಲ. ಎದೆ ಹಿಡಿದುಕೊಂಡು ಕುಳಿತವನಿಗೆ ಅಷ್ಟು ವ್ಯವಧಾನವೆಲ್ಲಿಯದು? ಕಮಲಾಪುರದ ತೋಟದಲ್ಲಿದ್ದ ತೊಡಕೇ ಅಲ್ಲಿಯೂ ಇದೆ, ಆದರೆ ಗಾಡಿ ಸಿಗುವುದಿಲ್ಲ. ಪ್ರಯಾಣಿಕನೇ ರೇಖೆಯನ್ನು ಓದಿಸುವ ಯಂತ್ರವನ್ನೂ ಮದ್ದನ್ನೂ ಜೊತೆಗೆ ಒಯ್ಯಬೇಕು. ಇಂತಹ ವಿಷಯಗಳನ್ನು ಅಭ್ಯಸಿಸುವ ವೈಮಾನಿಕ ವೈದ್ಯಸಂಸ್ಥೆಯೊಂದು ಬೆಂಗಳೂರಿನಲ್ಲಿ 1957ರಿಂದ ಇದೆ. ಇಸ್ರೋದ ಮಾನವ ಅಂತರಿಕ್ಷಯಾನ ಕೇಂದ್ರವೂ 2019ರಲ್ಲಿ ಅಲ್ಲಿಯೇ ಆರಂಭವಾಯಿತು.

2025ರ ಜೂನ್ ತಿಂಗಳಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶಗಳ ಪ್ರಯೋಗವೊಂದು ಅವರ ಜೊತೆಯಲ್ಲಿದ್ದಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐ.ಐ.ಟಿ.ಯೂ ಕೂಡಿ ಹೆಸರು ಕಾಳನ್ನೂ ಮೆಂತ್ಯದ ಕಾಳನ್ನೂ ಕಳುಹಿಸಿದ್ದುವು. ದೀರ್ಘ ಪ್ರಯಾಣದಲ್ಲಿ ಮೊಳಕೆ ಕಾಳು ಪಥ್ಯವೂ ಔಷಧಿಯೂ ಆಗಬಹುದೇ ಎಂಬುದು ಪ್ರಶ್ನೆ. ಶುಕ್ಲಾ ಅವರು ನೀರೆರೆದರು, ಕಾಳು ಮೊಳೆತುವು. ಮೊಳಕೆಗಳನ್ನು ಶೈತ್ಯದಲ್ಲಿಟ್ಟು ಭೂಮಿಗೆ ತಂದರು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ತೊಗರಿ ಇರಲಿಲ್ಲ.