ಹೊಲದ ಸೆನ್ಸರ್ ಪೆಟ್ಟಿಗೆ: ಸೆಲ್ ಬೇಗ ಮುಗಿಯದಂತೆ ಮಾಡುವುದು ಹೇಗೆ?

ಹಡಗಲಿ ತಾಲ್ಲೂಕಿನ ಇಟ್ಟಿಗಿ ಕಡೆ ಮಲ್ಲಿಗೆ ತೋಟದಲ್ಲೋ ಮೆಕ್ಕೆಜೋಳದ ಹೊಲದಲ್ಲೋ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಇಡಬೇಕೆಂದರೆ ಕರೆಂಟು ನೆಚ್ಚುವಂತಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದೇ ಪಾಳಿಯಲ್ಲಿ. ಸೆಲ್ಲೇ ಗತಿ. ಕಾಲೇಜು ಹುಡುಗರು ಆಸೆಯಿಂದ ಮಾಡಿದ ಇಂಥ ಪೆಟ್ಟಿಗೆಗಳು ವಾರದೊಳಗೆ ಸತ್ತುಹೋದರೆ ರೈತರಿಗೆ ಅವುಗಳ ಮೇಲಿನ ನಂಬಿಕೆಯೇ ಹೋಗುತ್ತದೆ.

ಲೆಕ್ಕ ನೋಡಿ. ಸರ್ಕ್ಯೂಟು ಸದಾ 10 ಮಿಲಿಆಂಪಿಯರ್ ಎಳೆದರೆ 1500 ಮಿಲಿಆಂಪಿಯರ್-ಅವರ್ ಸೆಲ್ 150 ಗಂಟೆಗೆ, ಅಂದರೆ ಆರು ದಿನಕ್ಕೆ ಖಾಲಿ. ತೇವ ಓದಲು ಬೇಕಾದದ್ದು ಅರ್ಧ ಸೆಕೆಂಡು. ಉಳಿದ ಹೊತ್ತೆಲ್ಲ ಸುಮ್ಮನೆ ಕೂತೇ ಸೆಲ್ ತಿನ್ನುತ್ತದೆ.

ಆರ್ಡುಯಿನೊ ಪ್ರೊ ಮಿನಿ (3.3 ವೋಲ್ಟ್, 8 ಮೆಗಾಹರ್ಟ್ಸ್) ಬೋರ್ಡನ್ನೇ ತೆಗೆದುಕೊಳ್ಳಿ. ಮೊದಲು ಅದರ ಪವರ್ ಎಲ್‌ಇಡಿ ಕಿತ್ತುಹಾಕಿ. ಚಿಪ್ ನಿದ್ದೆಯಲ್ಲಿ ಎಳೆಯುವುದಕ್ಕಿಂತ ನೂರಾರು ಪಟ್ಟು ಅದೊಂದೇ ನುಂಗುತ್ತದೆ. ರೆಗ್ಯುಲೇಟರನ್ನೂ ಬಿಚ್ಚಿ, 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ನೇರ ವಿಸಿಸಿ ಪಿನ್ನಿಗೆ ಕೊಡಿ. ಓದನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಇದ್ದರೆ ಸಾಮಾನ್ಯ ಲಿಥಿಯಂ ಸೆಲ್ ನೇರ ಜೋಡಿಸಲೇಬೇಡಿ, ಅದರ 4.2 ವೋಲ್ಟು ರೇಡಿಯೊದ ಮಿತಿ ಮೀರುತ್ತದೆ.

ಇನ್ನು ಪ್ರೋಗ್ರಾಂ. ಬೋರ್ಡಿನ ಎಟಿಮೆಗಾ328ಪಿ ಚಿಪ್ಪನ್ನು ಪವರ್-ಡೌನ್ ಸ್ಥಿತಿಗೆ ಕಳಿಸಿ, ಎಚ್ಚರಿಸಲು ವಾಚ್‌ಡಾಗ್ ಟೈಮರ್ ಬಿಡಿ. ಆಗ 3 ವೋಲ್ಟಿನಲ್ಲಿ ಅದು ಸುಮಾರು 4 ಮೈಕ್ರೊಆಂಪಿಯರ್ ಮಾತ್ರ ಎಳೆಯುತ್ತದೆ. ಟೈಮರಿನ ಗರಿಷ್ಠ ಅವಧಿ 8 ಸೆಕೆಂಡು. 225 ಸಲ ಎಣಿಸಿದರೆ ಅರ್ಧ ಗಂಟೆ. ಮಲಗುವ ಮುನ್ನ ಎಡಿಸಿ ಆಫ್ ಮಾಡಿ, ನಿದ್ದೆಯ ಹೊತ್ತಿಗೆ ಬ್ರೌನ್-ಔಟ್ ಪತ್ತೆಯನ್ನೂ ನಿಲ್ಲಿಸಿ. ರೇಡಿಯೊಗೆ ಬೇರೆಯೇ ಸ್ಲೀಪ್ ಆದೇಶ ಕೊಡಬೇಕು. ಖಾಲಿ ಪಿನ್ನುಗಳನ್ನು ಪುಲ್-ಅಪ್ ಮಾಡಿಡಿ.

ತೇವದ ಸೆನ್ಸರ್ ಸುಮಾರು 5 ಮಿಲಿಆಂಪಿಯರ್ ಎಳೆಯುತ್ತದೆ. ಅದರ ಪ್ಲಸ್ ತಂತಿಯನ್ನು ಸೆಲ್ಲಿಗಲ್ಲ, ಚಿಪ್ಪಿನ ಒಂದು ಡಿಜಿಟಲ್ ಪಿನ್ನಿಗೆ ಕೊಟ್ಟು, ಓದುವಾಗಷ್ಟೇ ಆನ್ ಮಾಡಿ. ಸೆಲ್ಲಿನ ವೋಲ್ಟೇಜು ನೋಡಲು ರೆಸಿಸ್ಟರ್ ಜೋಡಿಯೂ ಬೇಡ, ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸ್ ಸಾಕು.

ಅಳೆಯುವಾಗ ಬಹಳ ಮಂದಿ ಎಡವುತ್ತಾರೆ. ಮಲ್ಟಿಮೀಟರನ್ನು ಮೈಕ್ರೊಆಂಪಿಯರ್ ರೇಂಜಿಗಿಟ್ಟು ಸೆಲ್ ಜೋಡಿಸಿದರೆ, ಮೀಟರಿನಲ್ಲೇ ವೋಲ್ಟೇಜು ಕುಸಿದು ಬೋರ್ಡು ಶುರುವಾಗುವುದೇ ಇಲ್ಲ. ಮೀಟರಿನ ಎರಡೂ ಕಡ್ಡಿಗಳ ನಡುವೆ ಒಂದು ತುಂಡು ವೈರ್ ಹಾಕಿ ಬೋರ್ಡು ಚಾಲೂ ಮಾಡಿ. ಅದು ನಿದ್ದೆಗೆ ಹೋದ ಮೇಲೆ ವೈರ್ ತೆಗೆದು ಓದಿ. ಮುಂದಿನ ಎಚ್ಚರಕ್ಕೆ ಮೊದಲು ವೈರ್ ಮರಳಿ ಹಾಕಿ.

ಎಲ್ಲ ಸರಿ ಮಾಡಿದರೆ ಸರಾಸರಿ 15 ಮೈಕ್ರೊಆಂಪಿಯರಿಗೆ ಇಳಿಸಬಹುದು. ಆಗ ಸೆಲ್ ತಾನಾಗಿ ಸೋರುವುದನ್ನು ಕಳೆದರೂ ವರ್ಷ ದಾಟುತ್ತದೆ. ನಿದ್ದೆಯ ಓದು 10 ಮೈಕ್ರೊಆಂಪಿಯರ್ ಮೀರಿತೋ, ಪೆಟ್ಟಿಗೆ ಮುಚ್ಚಬೇಡಿ. ಒಂದೊಂದೇ ಭಾಗ ಬಿಚ್ಚಿ ಮತ್ತೆ ಅಳೆಯಿರಿ.